ಒಳಗೊಂದು ಹೊರಗೊಂದು: ಕಂಪ್ಯೂಟರಿನಲ್ಲಿ ಕನ್ನಡ ಪಟ್ಟ ಪಾಡು

ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ‘ಕನ್ನಡ’ ಎಂದು ಟೈಪಿಸಿ, ಆಮೇಲೆ ಆ ಫಾಂಟನ್ನು ಕಳಚಿ ನೋಡಿ. ದೊಡ್ಡಕ್ಷರದ ಪಿ, ನೆತ್ತಿಯ ಮೇಲೆ ಗೀರಿರುವ ಎ, ಬ್ರಿಟಿಷರ ಪೌಂಡ್ ಗುರುತು, ಮತ್ತೆ ಗೀರಿನ ಎ, ಜರ್ಮನ್ನರ ಜೋಡಿ ಎಸ್, ಸಣ್ಣಕ್ಷರದ ಕ್ಯೂ, ಕೊನೆಗೆ ಇನ್ನೊಂದು ಗೀರಿನ ಎ. ಒಟ್ಟು ಏಳು ಗುರುತು, ಕನ್ನಡದ್ದು ಒಂದೂ ಇಲ್ಲ. ಪರದೆಯ ಮೇಲೆ ಕಂಡದ್ದು ಕನ್ನಡ, ಕಡತದೊಳಗೆ ಉಳಿದದ್ದು ಯುರೋಪಿನ ಚೂರುಪಾರು. ಸುಮಾರು ಕಾಲು ಶತಮಾನ ನಮ್ಮ ಕಚೇರಿಯ ಪತ್ರ, ಪಠ್ಯಪುಸ್ತಕ, ಕಾದಂಬರಿ, ಲಗ್ನಪತ್ರಿಕೆ ಎಲ್ಲವೂ ಈ ವೇಷದಲ್ಲೇ ಕಂಪ್ಯೂಟರಿನಲ್ಲಿ ಸೇರಿಕೊಂಡವು.

ನಮ್ಮ ಬೀದರ ಜಿಲ್ಲೆಯವರಿಗೆ ಇಂಥ ವೇಷ ಹೊಸತಲ್ಲ. ನಿಜಾಮರ ಕಾಲದಲ್ಲಿ ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಕಥೆಯನ್ನು ಇಲ್ಲಿ ಹೇಳದವರಿಲ್ಲ. ಕಂಪ್ಯೂಟರಿನವರು ಮಾಡಿದ್ದು ಅದರ ತಿರುವುಮುರುವು: ಹೊರಗೆ ಕನ್ನಡದ ಫಲಕ, ಒಳಗೆ ಬೇರೆಯದೇ ಪಾಠ. ಪಟ್ಟದ್ದೇವರ ವೇಷಕ್ಕೆ ದೊರೆಯ ಭಯ ಕಾರಣ. ಕಂಪ್ಯೂಟರಿನ ವೇಷಕ್ಕೆ ಏನು ಕಾರಣ? ಕನ್ನಡ ಲಿಪಿ ಕಷ್ಟದ್ದು, ಒತ್ತು-ಗುಣಿತ ಹೆಚ್ಚು, ಯಂತ್ರಕ್ಕೆ ಒಗ್ಗಲಿಲ್ಲ ಎಂಬ ಉತ್ತರವನ್ನು ಬಹಳ ವರ್ಷ ಕೇಳಿದ್ದೇವೆ. ಆ ಉತ್ತರ ಅರ್ಧಸತ್ಯವೂ ಅಲ್ಲ ಎನ್ನುವುದು ನನ್ನ ಅಭಿಪ್ರಾಯ. ದಾರಿ ಬಹಳ ಬೇಗನೆ ಸಿಕ್ಕಿತ್ತು. ಆದರೆ ಅದರ ಬಾಗಿಲಿಗೆ ಒಬ್ಬೊಬ್ಬರು ಒಂದೊಂದು ಬೀಗ ಜಡಿದರು.

ಮೊದಲು ಯಂತ್ರದ ಕಷ್ಟವನ್ನೇ ನೋಡೋಣ. ಮೊಳೆ ಜೋಡಿಸುವ ಕಾಲದಲ್ಲಿ ಕನ್ನಡದ ಒಂದು ಪುಟಕ್ಕೆ ನೂರಾರು ಬಗೆಯ ಮೊಳೆ ಬೇಕಾಗುತ್ತಿದ್ದವು. ಟೈಪ್‌ರೈಟರ್ ಬಂದಾಗ ಅವನ್ನೆಲ್ಲ ನಾಲ್ಕು ಸಾಲು ಕೀಲಿಗಳಿಗೆ ಇಳಿಸಬೇಕಾಯಿತು. ಅನಂತ ಸುಬ್ಬರಾಯರು ರೂಪಿಸಿದ ಕೀಲಿಮಣೆಯಿಂದ ಅದು ಸಾಧ್ಯವಾಯಿತು. ತಲೆಕಟ್ಟು ಬೇರೆ, ಕೊಂಬು ಬೇರೆ, ಒತ್ತು ಬೇರೆ. ಅಕ್ಷರವನ್ನು ತುಂಡು ಮಾಡಿ ಕಾಗದದ ಮೇಲೆ ಹೊಂದಿಸುವ ಉಪಾಯ ಅದು. ಕಾಗದಕ್ಕೆ ಅಷ್ಟು ಸಾಕು, ಏಕೆಂದರೆ ಕಾಗದ ಯಾವತ್ತೂ ತನ್ನ ಮೇಲಿರುವುದನ್ನು ಹುಡುಕಿ ಕೊಡಬೇಕಿಲ್ಲ, ಅಕಾರಾದಿಯಾಗಿ ಜೋಡಿಸಬೇಕಿಲ್ಲ. ಕಂಪ್ಯೂಟರಿಗೆ ಅದೇ ಕೆಲಸ.

ಈ ವ್ಯತ್ಯಾಸ ನಮ್ಮವರಿಗೆ ತಿಳಿದಿರಲಿಲ್ಲ ಎಂದೇನಲ್ಲ. ಕಾನ್ಪುರದ ಐಐಟಿಯಲ್ಲಿ ಆರಂಭವಾದ ಕೆಲಸ 1988ರಲ್ಲಿ ಪುಣೆಯಲ್ಲಿ ಹುಟ್ಟಿದ ಸಿ-ಡ್ಯಾಕ್ ಸಂಸ್ಥೆಯಲ್ಲಿ ಜಿಸ್ಟ್ ಕಾರ್ಡ್ ಎಂಬ ರೂಪ ತಳೆಯಿತು. ಕಂಪ್ಯೂಟರಿನೊಳಗೆ ಆ ಕಾರ್ಡ್ ಕೂರಿಸಿದರೆ ಡಾಸ್ ಪರದೆಯ ಮೇಲೂ ಭಾರತೀಯ ಲಿಪಿಗಳು ಮೂಡುತ್ತಿದ್ದವು. ಇದರ ಬೆನ್ನಿಗಿದ್ದ ಇಸ್ಕಿ ಎಂಬ ಸಂಕೇತಪಟ್ಟಿಯನ್ನು ಭಾರತೀಯ ಮಾನಕ ಸಂಸ್ಥೆ 1991ರಲ್ಲಿ ಅಂಗೀಕರಿಸಿತು. ಇದರ ತತ್ವ ಚೆಂದದ್ದು: ಆಕಾರಕ್ಕೆ ಸಂಖ್ಯೆ ಕೊಡಬೇಡ, ಅಕ್ಷರಕ್ಕೆ ಕೊಡು. ‘ಕ’ಕ್ಕೆ ಒಂದು ಸಂಖ್ಯೆ, ‘ಇ’ ಸ್ವರಚಿಹ್ನೆಗೆ ಒಂದು. ಎರಡೂ ಸೇರಿ ‘ಕಿ’ ಹೇಗೆ ಕಾಣಬೇಕೆಂಬುದನ್ನು ಚಿತ್ರ ಬರೆಯುವ ತಂತ್ರಾಂಶ ನೋಡಿಕೊಳ್ಳಲಿ. ಅದೇ ವರ್ಷ ಅಕ್ಟೋಬರಿನಲ್ಲಿ ಅಮೆರಿಕದಿಂದ ಹೊರಬಂದ ಜಗತ್ತಿನ ಲಿಪಿಗಳ ಸಂಕೇತಪಟ್ಟಿಯಾದ ಯೂನಿಕೋಡಿನ ಮೊದಲ ಆವೃತ್ತಿಯೂ ಭಾರತೀಯ ಲಿಪಿಗಳಿಗೆ ಇಸ್ಕಿಯ 1988ರ ಪಟ್ಟಿಯನ್ನೇ ಆಧಾರ ಮಾಡಿಕೊಂಡಿತು. ಕನ್ನಡಕ್ಕೆಂದು 128 ಸ್ಥಾನಗಳನ್ನು ಮೀಸಲಿಟ್ಟಿತು. ಜಗತ್ತಿನ ಪಟ್ಟಿಯಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲಿ. ಬೀದರಿನ ಕಚೇರಿಯ ಮೇಜಿಗೆ ಅದು ತಲುಪಿದ್ದು ಇಪ್ಪತ್ತು ವರ್ಷ ಕಳೆದ ಮೇಲೆ.

ಇನ್ನೊಂದು ಕೆಲಸವೂ ಅಷ್ಟರೊಳಗೆ ಆಗಿತ್ತು. ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದವರು, ಆಮೇಲೆ ಮೊನೊಟೈಪ್‌ನಂಥ ಅಚ್ಚಿನ ಕಂಪನಿಗಳಲ್ಲಿ ಭಾರತೀಯ ಲಿಪಿಗಳೊಡನೆ ಹೆಣಗಿದವರು. ಇಂಗ್ಲಿಷಿನ 26 ಅಕ್ಷರದ ಕೀಲಿಗಳಲ್ಲೇ ಇಡೀ ಕನ್ನಡವನ್ನು ಅವರು ಕೂರಿಸಿದರು. ಕೀಲಿ ಒತ್ತಿದರೆ ಅಲ್ಪಪ್ರಾಣ, ಶಿಫ್ಟ್ ಹಿಡಿದು ಒತ್ತಿದರೆ ಮಹಾಪ್ರಾಣ. ವ್ಯಂಜನದ ಮೇಲೆ ಸ್ವರದ ಕೀಲಿ ಒತ್ತಿದರೆ ಗುಣಿತ, ನಡುವೆ ಎಫ್ ಒತ್ತಿದರೆ ಒತ್ತಕ್ಷರ. ಉಚ್ಚರಿಸಿದ ಕ್ರಮದಲ್ಲೇ ಬೆರಳು ಓಡುತ್ತದೆ. ಅಕ್ಷರವನ್ನು ತುಂಡು ಮಾಡುವ ಕರ್ಮ ಟೈಪಿಸುವವರಿಗೆ ತಪ್ಪಿತು. ತಮ್ಮ ತಂತ್ರಾಂಶಕ್ಕೆ ಅವರು ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟರು, ಕೀಲಿಮಣೆಯನ್ನು ಕಾಸು ಕೇಳದೆ ಕನ್ನಡಿಗರಿಗೆ ಬಿಟ್ಟುಕೊಟ್ಟರು. ಈ ಕಥೆಯಲ್ಲಿ ಬೀಗ ಜಡಿಯದ ಮೊದಲಿಗ ಇವರೇ.

ಕೀಲಿಮಣೆ ಬಂತು, ಸಂಕೇತಪಟ್ಟಿಯೂ ಬಂತು. ಕೆಟ್ಟದ್ದು ನಡುವಿನ ಪದರ. 1990ರ ದಶಕದಲ್ಲಿ ವಿಂಡೋಸ್ ಮತ್ತು ಪುಟ ಜೋಡಿಸುವ ತಂತ್ರಾಂಶ ಪೇಜ್‌ಮೇಕರ್ ಜೊತೆಯಾಗಿ ಬಂದು ಮೊಳೆ ಜೋಡಿಸುವವರನ್ನು ಮನೆಗೆ ಕಳಿಸಿದವು. ಇವೆರಡಕ್ಕೂ ಅಕ್ಷರಗಳನ್ನು ಕೂಡಿಸುವ ವಿದ್ಯೆ ಗೊತ್ತಿರಲಿಲ್ಲ. ಒಂದು ಫಾಂಟಿನಲ್ಲಿ 256 ಸ್ಥಾನ, ಅದರಲ್ಲೂ ಕೆಲವನ್ನು ಮುಟ್ಟುವಂತಿಲ್ಲ. ತಂತ್ರಾಂಶ ಮಾರುವವರು ಟೈಪ್‌ರೈಟರಿನ ಹಳೆಯ ಉಪಾಯಕ್ಕೇ ಮರಳಿದರು. ಕನ್ನಡವನ್ನು ಚೂರು ಮಾಡಿ, ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಮನೆಗಳಲ್ಲಿ ಒಂದೊಂದು ಚೂರನ್ನು ಕೂರಿಸಿದರು. ಅಷ್ಟಾಗಿದ್ದರೂ ಸಹಿಸಬಹುದಿತ್ತು. ಯಾವ ಚೂರು ಯಾವ ಮನೆಯಲ್ಲಿ ಎಂಬುದನ್ನು ಒಬ್ಬೊಬ್ಬರೂ ತಮ್ಮ ಮನಸ್ಸಿಗೆ ಬಂದಂತೆ ತೀರ್ಮಾನಿಸಿದರು. ಪುಣೆಯಿಂದ ಶ್ರೀಲಿಪಿ ಬಂತು, ಬೆಂಗಳೂರಿನಿಂದ ಆಕೃತಿ ಬಂತು, ಪ್ರಕಾಶಕ್ ಎಂಬುದಿತ್ತು, ಇನ್ನೂ ಹಲವಿದ್ದವು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ತೆರೆಯುತ್ತಿರಲಿಲ್ಲ. ತೆರೆದರೂ ಓದಲು ಬರುತ್ತಿರಲಿಲ್ಲ. ಸಾವಿರಾರು ರೂಪಾಯಿ ಬೆಲೆಯ ಇಂಥ ತಂತ್ರಾಂಶಗಳ ಜೊತೆ ಬೆರಳುದ್ದದ ಡಾಂಗಲ್ ಬರುತ್ತಿತ್ತು. ಪ್ರಿಂಟರಿನ ಪೋರ್ಟಿಗೆ ಅದನ್ನು ಸಿಕ್ಕಿಸದಿದ್ದರೆ ನಿಮ್ಮ ಕೈಯಾರೆ ಟೈಪಿಸಿದ ಕನ್ನಡವೂ ನಿಮಗೆ ದಕ್ಕುತ್ತಿರಲಿಲ್ಲ.

ಆ ಕಾಲದ ಡಿಟಿಪಿ ಅಂಗಡಿಗಳಿಗೆ ಹೋದವರಿಗೆ ಒಂದು ಮಾತು ಇವತ್ತಿಗೂ ನೆನಪಿರುತ್ತದೆ. ‘ಫಾಂಟ್ ತಂದೀರೇನ್ರಿ? ಇಲ್ಲಂದ್ರ ತೆರಿಯಲ್ಲ ನೋಡ್ರಿ.’ ಪತ್ರಿಕೆಗೆ ಕಥೆ ಕಳಿಸುವವರು, ಜಾತ್ರೆಯ ಕರಪತ್ರ ಮಾಡಿಸುವವರು, ಪ್ರಬಂಧ ಬರೆಯುವ ವಿದ್ಯಾರ್ಥಿಗಳು ಎಲ್ಲರೂ ಫ್ಲಾಪಿಯಲ್ಲಿ ಬರಹದ ಜೊತೆ ಫಾಂಟನ್ನೂ ಹೊತ್ತು ತಿರುಗಿದರು.

ಬೀದರಿನಲ್ಲಿ ಈ ಕಷ್ಟ ಮೂರು ಪಟ್ಟು. ಕಮಠಾಣದಿಂದಲೋ ಔರಾದಿನಿಂದಲೋ ಒಬ್ಬರು ಲಗ್ನಪತ್ರಿಕೆ ಮಾಡಿಸಲು ಬೀದರಿಗೆ ಬಂದರೆನ್ನಿ. ಊರವರಿಗೆ ಕನ್ನಡದಲ್ಲಿ, ಉದಗೀರ ಕಡೆಯ ಬೀಗರಿಗೆ ಮರಾಠಿಯಲ್ಲಿ ಬೇಕು. ಪಕ್ಕದ ಗಿರಾಕಿಗೆ ಉರ್ದುವಿನಲ್ಲಿ. ಹೈದರಾಬಾದ್ ಸಂಸ್ಥಾನದಲ್ಲಿ 1884ರಿಂದ ಉರ್ದು ಆಡಳಿತ ಭಾಷೆಯಾಗಿತ್ತು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯಲ್ಲಿ ಸಂಸ್ಥಾನ ಹೋಯಿತು, 1956ರ ನವೆಂಬರ್ 1ಕ್ಕೆ ಬೀದರ ಮೈಸೂರು ರಾಜ್ಯ ಸೇರಿತು. ಆದರೆ ಹಳೆಯ ಕಾಗದಪತ್ರದಲ್ಲೂ ಹಿರಿಯರ ಕೈಬರಹದಲ್ಲೂ ಉರ್ದು ಉಳಿಯಿತು. ಹಾಗಾಗಿ ಇಲ್ಲಿ ಒಂದೇ ಮೇಜಿನ ಮೇಲೆ ಮೂರು ಲಿಪಿ.

ಕೂಡಿಕೊಂಡು ಓರೆಯಾಗಿ ಇಳಿಯುವ ಉರ್ದುವಿನ ನಸ್ತಾಲಿಕ್ ಬರವಣಿಗೆಯದು ಬೇರೆಯೇ ಕಥೆ. ಎಂಬತ್ತರ ದಶಕದವರೆಗೆ ಉರ್ದು ಪತ್ರಿಕೆಗಳ ಪುಟಗಳನ್ನು ಕಾತಿಬರು ಕೈಯಲ್ಲೇ ಬರೆಯುತ್ತಿದ್ದರು. ಪಾಕಿಸ್ತಾನದ ಮಿರ್ಜಾ ಅಹ್ಮದ್ ಜಮೀಲ್ ಸಾವಿರಾರು ಪದತುಂಡುಗಳನ್ನು ಬರೆದು ಮೊನೊಟೈಪ್ ಕಂಪನಿಯ ಜೊತೆ ‘ನೂರಿ ನಸ್ತಾಲಿಕ್’ ರೂಪಿಸಿದ ಮೇಲೆ, 1981ರಲ್ಲಿ ಲಾಹೋರಿನ ‘ಜಂಗ್’ ಪತ್ರಿಕೆ ಯಂತ್ರಾಕ್ಷರಕ್ಕೆ ಬದಲಾಯಿತು. 1994ರಲ್ಲಿ ದೆಹಲಿಯ ಕಂಪನಿಯೊಂದು ತಂದ ಇನ್‌ಪೇಜ್ ಅದನ್ನು ಸಣ್ಣ ಅಂಗಡಿಗೂ ತಲುಪಿಸಿತು. ನೋಡಲು ಅದ್ಭುತ. ಆದರೆ ಇನ್‌ಪೇಜಿನ ಕಡತ ಇನ್‌ಪೇಜಿಗೆ ಮಾತ್ರ ತಿಳಿಯುತ್ತಿತ್ತು. ಕನ್ನಡಕ್ಕೊಂದು ಬೀಗ, ಮರಾಠಿಗೊಂದು ಬೀಗ, ಉರ್ದುವಿಗೊಂದು ಬೀಗ. ಮೂರರ ಕೀಲಿಕೈಯೂ ಊರಲ್ಲಿಲ್ಲ. ಕಂಪ್ಯೂಟರು ಬರುತ್ತಿದ್ದದ್ದು ಹೆಚ್ಚಾಗಿ ಹೈದರಾಬಾದ್-ಸಿಕಂದರಾಬಾದ್ ಪೇಟೆಯಿಂದ, ಅಲ್ಲಿಯವರಿಗೆ ಕನ್ನಡದ ಗೊಡವೆ ಬೇಕಿರಲಿಲ್ಲ. ಕನ್ನಡ ಬಲ್ಲ ಬೆಂಗಳೂರು ಏಳುನೂರು ಕಿಲೋಮೀಟರ್ ಆಚೆ.

ಹೀಗಿರುವಾಗ 1998ರಲ್ಲಿ ‘ಬರಹ’ ಬಂತು. ಅಮೆರಿಕದಲ್ಲಿದ್ದ ಶೇಷಾದ್ರಿವಾಸು ಚಂದ್ರಶೇಖರನ್ ಎಂಬ ಎಂಜಿನಿಯರ್ ತಮ್ಮ ಬಿಡುವಿನಲ್ಲಿ ಬರೆದ ತಂತ್ರಾಂಶ ಅದು. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡವನ್ನು ಟೈಪಿಸಿದರೆ ಪರದೆಯ ಮೇಲೆ ಕನ್ನಡ. ಪುಕ್ಕಟೆ ಬೇರೆ. ಡಾಂಗಲ್ ಹೋಯಿತು, ಪೈರೇಟೆಡ್ ಸಿ.ಡಿ.ಯ ಭಯ ಹೋಯಿತು. ಕನ್ನಡ ಟೈಪಿಂಗ್ ಎಂದೂ ಕಲಿಯದವರು ರಾತ್ರೋರಾತ್ರಿ ಕನ್ನಡದಲ್ಲಿ ಬರೆಯತೊಡಗಿದರು. ಹೊರನಾಡಿನ ಕನ್ನಡಿಗರಿಗಂತೂ ಹೇಳಲಾಗದ ಖುಷಿ. (ಮುಂದೆ ಇದು ದುಡ್ಡಿನ ತಂತ್ರಾಂಶವಾಯಿತು. ಅಷ್ಟು ವರ್ಷ ಪುಕ್ಕಟೆ ಕೊಟ್ಟವರ ಮೇಲೆ ಅದಕ್ಕಾಗಿ ಗೊಣಗಿದವರಿದ್ದಾರೆ. ಆ ಗೊಣಗಾಟಕ್ಕೆ ನನ್ನ ಸಹಮತವಿಲ್ಲ.)

ಸರ್ಕಾರವೂ ಸುಮ್ಮನಿರಲಿಲ್ಲ. 2000ದ ಹೊತ್ತಿಗೆ ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆಯನ್ನು ರಾಜ್ಯದ ಶಿಷ್ಟ ಕೀಲಿಮಣೆಯೆಂದು ಒಪ್ಪಿತು. ಕನ್ನಡ ಗಣಕ ಪರಿಷತ್ತು ಸರ್ಕಾರಕ್ಕಾಗಿ ‘ನುಡಿ’ಯನ್ನು ಸಿದ್ಧಪಡಿಸಿತು, ಅದೂ ಉಚಿತ. ಕಚೇರಿಗಳಲ್ಲಿ ಕನ್ನಡ ಇವತ್ತು ನಡೆಯುತ್ತಿರುವುದರ ಹಿಂದೆ ನುಡಿಯ ಪಾಲು ದೊಡ್ಡದು. ಬರಹದ ಫಾಂಟಿನೊಳಗಿನ ವಿನ್ಯಾಸವನ್ನೇ ನುಡಿ ನಕಲು ಮಾಡಿದೆ ಎಂಬ ಆರೋಪ ಎದ್ದು, ಎರಡೂ ಕಡೆಯವರು ಬಹಿರಂಗವಾಗಿ ವಾದಿಸಿದ್ದೂ ಈ ಇತಿಹಾಸದ ಭಾಗ. ಯಾರು ಸರಿಯೋ, ಬಳಸುವವರಿಗೆ ಮಾತ್ರ ಒಂದು ಲಾಭವಾಯಿತು: ಬರಹದಲ್ಲಿ ಬರೆದದ್ದನ್ನು ನುಡಿಯಲ್ಲಿ ಓದಬಹುದಾಯಿತು.

ನನ್ನ ತಕರಾರು ಬೇರೆ. ಸರ್ಕಾರ ಆಗ ಶಿಷ್ಟಗೊಳಿಸಿದ್ದು ಅಕ್ಷರವನ್ನಲ್ಲ, ಅಕ್ಷರದ ಚೂರುಗಳನ್ನು. ಯಾವ ಚೂರು ಎಷ್ಟನೆಯ ಮನೆಯಲ್ಲಿರಬೇಕೆಂಬ ಪಟ್ಟಿಗೆ ರಾಜಮುದ್ರೆ ಬಿತ್ತು. ಯೂನಿಕೋಡ್ ಬಂದು ಒಂಬತ್ತು ವರ್ಷವಾಗಿತ್ತು. ಮರುವರ್ಷ, 2001ರಲ್ಲಿ, ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಎಂಬ ಯೂನಿಕೋಡ್ ಕನ್ನಡ ಫಾಂಟಿನೊಂದಿಗೇ ಬಂತು. ಮುಳುಗುವ ದೋಣಿಗೆ ಬಣ್ಣ ಹೊಡೆದ ಹಾಗಾಯಿತು. ತಾತ್ಕಾಲಿಕ ಉಪಾಯವಾಗಬೇಕಿದ್ದದ್ದು ಸರ್ಕಾರಿ ಕ್ರಮವಾಗಿ ಗಟ್ಟಿಯಾಯಿತು. ಅದರ ಮೇಲೆ ಹತ್ತು ವರ್ಷಗಳ ಕಡತ ಬೆಳೆದವು.

ಹಳ್ಳಿಯವರಿಗೆ ಕಂಪ್ಯೂಟರಿನ ಕನ್ನಡ ಮೊದಲು ಎದುರಾದದ್ದು ‘ಭೂಮಿ’ ಯೋಜನೆಯಲ್ಲಿ. ಅಧಿಕಾರಿ ರಾಜೀವ್ ಚಾವ್ಲಾ ಮುಂದೆ ನಿಂತು, ರಾಷ್ಟ್ರೀಯ ಮಾಹಿತಿ ಕೇಂದ್ರದವರು ತಂತ್ರಾಂಶ ಬರೆದು, 2000ದ ಆಸುಪಾಸಿನಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು, 67 ಲಕ್ಷ ರೈತರ ಹೆಸರುಗಳನ್ನು ಯಂತ್ರಕ್ಕೇರಿಸಿದರು. ಆಗಿದ್ದ 177 ತಾಲೂಕುಗಳಲ್ಲಿ ಕಿಯಾಸ್ಕ್ ತೆರೆದವು. ಆಗ 15 ರೂಪಾಯಿ ಕೊಟ್ಟರೆ ಕೈಗೆ ಪಹಣಿ ಬರುತ್ತಿತ್ತು. ಕೈಬರಹದ ಪಹಣಿಯ ಮಾನ್ಯತೆ ಹೋಯಿತು. ಗ್ರಾಮಲೆಕ್ಕಿಗರ ಬೆನ್ನು ಹತ್ತಿ ತಿರುಗಿದವರಿಗೆ ಇದು ಎಂಥ ಬಿಡುಗಡೆ ಎಂದು ಬೆಂಗಳೂರಿನ ಎಸಿ ಕೋಣೆಯಲ್ಲಿ ಕೂತು ಅಂದಾಜಿಸಲಾಗದು. ಈ ಯೋಜನೆಯನ್ನು ಹಳಿಯುವವರ ಸಾಲಿನಲ್ಲಿ ನಾನಿಲ್ಲ.

ಆದರೆ ಯಂತ್ರಕ್ಕೇರಿಸುವಾಗ ಹೆಸರಿನಲ್ಲಿ ಬಿದ್ದ ತಪ್ಪು ಯಂತ್ರದಷ್ಟೇ ಗಟ್ಟಿಯಾಗಿ ನಿಂತಿತು. ಗ್ರಾಮಲೆಕ್ಕಿಗರ ಕಾಲದಲ್ಲಿ ಶಾಯಿಯಿಂದ ತಿದ್ದುತ್ತಿದ್ದ ಒಂದು ಕೊಂಬಿಗೆ ಈಗ ಅರ್ಜಿ, ನೋಟಿಸು, ಆದೇಶ. ಬೀದರದಂಥ ಕಡೆ ಒಂದೇ ಹೆಸರು ಉರ್ದು ಖಾತೆಯಲ್ಲಿ ಒಂದು ಬಗೆ, ಮರಾಠಿ ಮೋಡಿ ಕಾಗದದಲ್ಲಿ ಇನ್ನೊಂದು ಬಗೆ, ಕನ್ನಡದಲ್ಲಿ ಮೂರನೆಯ ಬಗೆ ಇರುವುದು ಸಹಜ. ಮನುಷ್ಯರು ಅದನ್ನು ಒಂದೇ ಹೆಸರೆಂದು ಓದಿಕೊಳ್ಳುತ್ತಾರೆ. ಯಂತ್ರಕ್ಕೆ ಅವು ಮೂರು ಜನ. ಕಂದಾಯ ಅದಾಲತ್ತುಗಳಲ್ಲಿ ಸಾಲುಗಟ್ಟಿ ನಿಂತವರ ಕೈಯಲ್ಲಿದ್ದ ಅರ್ಜಿಗಳಲ್ಲಿ ಹೆಸರಿನ ತಿದ್ದುಪಡಿ ಯಾವತ್ತೂ ಇರುತ್ತಿತ್ತು.

ಈ ಎಲ್ಲ ಅಸಹನೆಗೂ ದೊಡ್ಡ ದನಿ ಸಿಕ್ಕಿದ್ದು ಮೂಡಿಗೆರೆಯ ಕಾಫಿ ತೋಟದಿಂದ. ಕ್ಯಾಮೆರಾ, ಕೋವಿ, ಸ್ಕೂಟರು, ಗಾಳದ ಕೋಲು ಎಲ್ಲವನ್ನೂ ಬಿಚ್ಚಿ ನೋಡುವ ಚಟವಿದ್ದ ಕೆ.ಪಿ. ಪೂರ್ಣಚಂದ್ರ ತೇಜಸ್ವಿ ಕಂಪ್ಯೂಟರನ್ನೂ ಬಿಡಲಿಲ್ಲ. ಬಿಚ್ಚಿ ನೋಡಿದ ಮೇಲೆ ಅವರಿಗೆ ಸಿಟ್ಟು ಬಂತು. ಕಂಪ್ಯೂಟರಿನಲ್ಲಿ ಸರಾಗವಾಗಿ ಓಡಾಡದ ಭಾಷೆಗೆ ಭವಿಷ್ಯವಿಲ್ಲ, ಅದಕ್ಕೆ ಬೇಕಾದ ತಂತ್ರಾಂಶ ಮಾಡಿಸುವುದು ಸರ್ಕಾರದ ಹೊಣೆ ಎಂದು ಅವರು ಪಟ್ಟು ಹಿಡಿದರು. ಇದ್ದ ತಂತ್ರಾಂಶಗಳ ಕೊರತೆಯನ್ನು ಮುಲಾಜಿಲ್ಲದೆ ಹೇಳಿದರು. ಬಿ.ಎ. ವಿವೇಕ ರೈ ಕುಲಪತಿಯಾಗಿದ್ದಾಗ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೂಲಕ ‘ಕುವೆಂಪು’ ತಂತ್ರಾಂಶ ಹೊರಬಂದದ್ದರ ಹಿಂದೆ ಅವರ ಒತ್ತಾಸೆಯಿತ್ತು. 2007ರ ಏಪ್ರಿಲ್ 5ರಂದು ತೇಜಸ್ವಿ ತೀರಿಕೊಂಡರು. ಕುವೆಂಪು ತಂತ್ರಾಂಶ ನುಡಿ-ಬರಹಗಳಷ್ಟು ಹರಡಲಿಲ್ಲ. ಆದರೆ ಅಲ್ಲಿಯವರೆಗೆ ಟೈಪಿಸುವವರ ಗೊಣಗಾಟವಾಗಿದ್ದದ್ದು ತೇಜಸ್ವಿಯಿಂದಾಗಿ ಕನ್ನಡ ಸಾಹಿತ್ಯದ ವಿಷಯವಾಯಿತು. ಸಾಹಿತಿಗಳೂ ಫಾಂಟಿನ ಬಗ್ಗೆ ಜಗಳವಾಡಿದರು.

ಯೂನಿಕೋಡೇನೂ ಬಂದ ದಿನದಿಂದ ಮಲ್ಲಿಗೆಯ ಹಾಸಿಗೆಯಾಗಿರಲಿಲ್ಲ. ‘ರ’ಕ್ಕೆ ವಿರಾಮ ಹಾಕಿ ಮುಂದಿನ ವ್ಯಂಜನ ಟೈಪಿಸಿದರೆ ಅದು ಅರ್ಕಾವತ್ತಾಗಿ ಬಲಕ್ಕೆ ಜಿಗಿಯುತ್ತಿತ್ತು. ಸೂರ್ಯನಿಗೆ ಸರಿ, ರ‍್ಯಾಂಕ್ ಬಂದ ಹುಡುಗಿಗೆ ಸರಿಯಲ್ಲ. ಪತ್ರಿಕೆಗಳ ತಲೆಬರಹದಲ್ಲಿ ರ‍್ಯಾಲಿ ಸರಿಯಾಗಿ ಕಾಣಬೇಕಾದರೆ ನಡುವೆ ಕಣ್ಣಿಗೆ ಕಾಣದ ಇನ್ನೊಂದು ಗುರುತನ್ನು ಸೇರಿಸಬೇಕು. ರಾಜ್‌ಕುಮಾರ್ ಎಂದು ಬಿಡಿಸಿ ಬರೆಯಲು ಮತ್ತೊಂದು ಕಾಣದ ಗುರುತು. ಮರೆತರೆ ವರನಟರ ಹೆಸರಿನ ಜ-ಕಾರಕ್ಕೆ ಕ-ಕಾರ ಜೋತುಬೀಳುತ್ತದೆ. ಇದನ್ನೇ ತೋರಿಸಿ ‘ಯೂನಿಕೋಡ್ ಕನ್ನಡಕ್ಕೆ ಆಗುವುದಿಲ್ಲ’ ಎಂದವರಿದ್ದರು. ಆಗುವಂತೆ ಮಾಡಲು ಯು.ಬಿ. ಪವನಜರಂಥವರು ಲೇಖನ, ಭಾಷಣ, ತಂತ್ರಾಂಶಗಳ ಮೂಲಕ ವರ್ಷಗಟ್ಟಲೆ ವಾದಿಸಿದರು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ ಯೂನಿಕೋಡಿನಲ್ಲೇ ಬೆಳೆಯಿತು. ಚಿದಾನಂದಗೌಡರ ನೇತೃತ್ವದ ಕನ್ನಡ ತಂತ್ರಾಂಶ ಸಮಿತಿಯ ದೆಸೆಯಿಂದ 2010ರ ದಶಕದ ಮೊದಲ ವರ್ಷಗಳಲ್ಲಿ ರಾಜ್ಯ ಸರ್ಕಾರವೂ ಯೂನಿಕೋಡನ್ನು ಒಪ್ಪಿತು.

ಅಷ್ಟು ಹೊತ್ತಿಗೆ ಜನ ಮೇಜಿನ ಕಂಪ್ಯೂಟರನ್ನು ದಾಟಿ ಫೋನಿಗೆ ಬಂದಿದ್ದರು. ಅಲ್ಲಿ ಮತ್ತೆ ಮೊದಲಿನಿಂದ ಶುರು. ಆಂಡ್ರಾಯ್ಡ್ ಫೋನಿನಲ್ಲಿ ಕನ್ನಡ ಎಂದರೆ ಸಾಲು ಸಾಲು ಚೌಕ ಡಬ್ಬಿಗಳು, 2012ರಲ್ಲಿ 4.1ನೇ ಆವೃತ್ತಿ ಬರುವವರೆಗೂ ಅದೇ ಗತಿ. ಐಫೋನಿನವರಿಗೆ ಕಂಪನಿಯದೇ ಕನ್ನಡ ಕೀಲಿಮಣೆ ಸಿಕ್ಕಿದ್ದು 2017ರಲ್ಲಿ. ಲಕ್ಷ ರೂಪಾಯಿಗೆ ಹತ್ತಿರದ ಫೋನು, ಕನ್ನಡಕ್ಕೆ ಹತ್ತು ವರ್ಷ ತಡ.

ಅತಿ ಹಟಮಾರಿ ಎಂದರೆ ಪೇಜ್‌ಮೇಕರ್. ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಆಮೇಲೆ ಕಂಪನಿ ಅದನ್ನು ಕೈಬಿಟ್ಟಿತು. ಯೂನಿಕೋಡ್ ಕನ್ನಡ ಅದರಲ್ಲಿ ಬರುವುದಿಲ್ಲ. ಅದರ ಜಾಗಕ್ಕೆ ಬಂದ ಇನ್‌ಡಿಸೈನ್ ಭಾರತೀಯ ಲಿಪಿಗಳನ್ನು ನೆಟ್ಟಗೆ ಕೂಡಿಸತೊಡಗಿದ್ದು 2012ರ ಸುಮಾರಿಗೆ. ಅಷ್ಟರಲ್ಲಿ ಅಚ್ಚುಮನೆಗಳ ಕೈ ಪೇಜ್‌ಮೇಕರಿಗೆ ಪಳಗಿತ್ತು, ಹಳೆಯ ಪುಸ್ತಕಗಳ ಕಡತವೆಲ್ಲ ಅದರಲ್ಲಿತ್ತು, ಹೊಸದಕ್ಕೆ ತಿಂಗಳು ತಿಂಗಳು ಬಾಡಿಗೆ ಕಟ್ಟಬೇಕಿತ್ತು. ಇವತ್ತಿಗೂ ಅನೇಕ ಕಡೆ ಪುಸ್ತಕ ಮಾಡಲು ಕೊಟ್ಟ ಯೂನಿಕೋಡ್ ಬರಹವನ್ನು ನುಡಿಯ ಹಳೆಯ ಚೂರುಗಳಿಗೆ ಇಳಿಸಿಕೊಳ್ಳುತ್ತಾರೆ. ಹಾಗೆ ಇಳಿಸುವಾಗ ಒತ್ತು, ಅರ್ಕಾವತ್ತು, ಉದ್ಧರಣ ಚಿಹ್ನೆಗಳು ಕೆಡುತ್ತವೆ. ಕರಡು ತಿದ್ದುವವರು ಲೇಖಕರ ತಪ್ಪಿನ ಜೊತೆಗೆ ಯಂತ್ರದ ತಪ್ಪನ್ನೂ ಹುಡುಕಬೇಕು.

ಬೀಗ ತೆಗೆದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಯದೇ ನಿದರ್ಶನ ಸಾಕು. ಬಸವಕಲ್ಯಾಣದ ಶರಣರ ವಚನಗಳು ಸರ್ಕಾರದ ಸಮಗ್ರ ಸಂಪುಟಗಳಲ್ಲಿ ಅಚ್ಚಾಗಿದ್ದವು, ಹಳೆಯ ಸಂಕೇತದಲ್ಲಿ ಕಂಪ್ಯೂಟರಿಗೂ ಏರಿದ್ದವು. ಆದರೆ ಒಂದು ಪದ ಎಷ್ಟು ವಚನಗಳಲ್ಲಿ ಬಂದಿದೆ ಎಂದು ಕೇಳಿದರೆ ಉತ್ತರವಿರಲಿಲ್ಲ. ‘ಸಂಚಯ’ದ ಓಂಶಿವಪ್ರಕಾಶ್ ಮತ್ತು ಗೆಳೆಯರು ಸ್ವಂತ ಹೊತ್ತು ಹಾಕಿ ಅವನ್ನು ಯೂನಿಕೋಡಿಗೆ ತಂದು ‘ವಚನ ಸಂಚಯ’ ಕಟ್ಟಿದರು. ಈಗ ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳಲ್ಲಿ ಬೇಕಾದ ಪದವನ್ನು ಯಾರಾದರೂ ಹುಡುಕಬಹುದು. ಅದೇ ವಚನ, ಅದೇ ಅಕ್ಷರ. ಒಳಗಿದ್ದ ಪೌಂಡ್ ಗುರುತು ಹೋಗಿ ‘ನ’ ಬಂದು ಕೂತಿತು, ಅಷ್ಟೆ.

2017ರ ಆಗಸ್ಟಿನಲ್ಲಿ ಗೂಗಲ್ ತನ್ನ ಧ್ವನಿ ಟೈಪಿಂಗಿಗೆ ಎಂಟು ಭಾರತೀಯ ಭಾಷೆಗಳನ್ನು ಒಟ್ಟಿಗೆ ಸೇರಿಸಿತು. ಅದರಲ್ಲಿ ಕನ್ನಡ, ಮರಾಠಿ, ತೆಲುಗು, ಉರ್ದು, ಅಂದರೆ ಬೀದರಿನ ಬಜಾರಿನಲ್ಲಿ ಕಿವಿಗೆ ಬೀಳುವ ನಾಲ್ಕೂ ಇದ್ದವು. ಕೀಲಿಮಣೆಯ ಜಗಳವನ್ನೇ ಹಾರಿ ದಾಟಿದವರು ಬಹಳ. ಓದುಬರಹ ಅಷ್ಟಕ್ಕಷ್ಟೇ ಇದ್ದವರೂ ಫೋನಿಗೆ ಬಾಯಿಟ್ಟು ಸಂದೇಶ ಕಳಿಸುತ್ತಾರೆ. ಈಗಿನ ತಕರಾರು ಬೇರೆ: ‘ಬರ್ಲಕತ್ತೀನಿ’ ಎಂದು ಫೋನಿಗೆ ಹೇಳಿದರೆ ಅದು ಒಮ್ಮೆ ಒಂದು ಬಗೆ, ಇನ್ನೊಮ್ಮೆ ಇನ್ನೊಂದು ಬಗೆ ಬರೆಯುತ್ತದೆ, ಮಾತಿನ ನಡುವೆ ಒಂದು ದಖನಿ ಪದ ಬಂದರೆ ಏನು ಬರೆಯುತ್ತದೋ ದೇವರೇ ಬಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯವರು ಗೂಗಲ್ ಜೊತೆ ಸೇರಿ 2022ರಲ್ಲಿ ಪ್ರಕಟಿಸಿದ ‘ವಾಣಿ’ ಯೋಜನೆ ದೇಶದ 773 ಜಿಲ್ಲೆಗಳ ಆಡುಮಾತನ್ನು ಧ್ವನಿಮುದ್ರಿಸಿ, ಯಾರು ಬೇಕಾದರೂ ಬಳಸುವಂತೆ ಬಿಡುಗಡೆ ಮಾಡುವ ಗುರಿ ಇಟ್ಟುಕೊಂಡಿದೆ.